ಶೇಖಾವಾಟಿಯ ಬೀದಿಚಿತ್ರಗಳು

೧

ಚಿತ್ರಕ್ಕೆ ತಕ್ಕ ಎಡೆಯು ಯಾವುದೆಂಬ ಪ್ರಶ್ನೆಯನ್ನು ಪ್ರಾಚೀನರು ಕಡೆಗಣಿಸಿದವರಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಶೃಂಗಾರ, ಹಾಸ್ಯ, ಶಾಂತಗಳೆಂಬ ಮೂರು ರಸಗಳಿಗೆ ಸೇರಿದ ಚಿತ್ರಗಳೇ ಗೃಹಸ್ಥನ ಮನೆಗೆ ಉಚಿತವೆಂದೂ, ಮಿಕ್ಕ ರಸಗಳಿಗೆ ರಾಜಸಭೆಯೂ ದೇವಾಲಯವೂ ಎಡೆಯೆಂದೂ ನಿಯಮಿಸಿದೆ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ಹದಮಾಡುವ ಕ್ರಮದಿಂದ ಮೊದಲ್ಗೊಂಡು ಚಿತ್ರದ ಪ್ರಭೇದಗಳವರೆಗೆ ವಿವರಿಸಿರುವನು. ಆದರೆ ಶಾಸ್ತ್ರಕಾರರ ಕಣ್ಣೆದುರಿಗೆ ಮುಖ್ಯವಾಗಿ ಇದ್ದುದು ಅರಮನೆ, ಗುಡಿ, ಸಿರಿವಂತರ ಒಳಮನೆ ಇವುಗಳೇ. ಬೀದಿಗೆ ಮುಖವಾದ ಗೋಡೆಯನ್ನು ಸೂರಿನಿಂದ ಜಗಲಿಯವರೆಗೆ ಚಿತ್ರಗಳಿಂದ ತುಂಬಿ, ಹೋಗುವ ಬರುವ ಎಲ್ಲರ ಮುಂದೆಯೂ ತೆರೆದಿಟ್ಟರೆ ಅದನ್ನು ಯಾವ ಲಕ್ಷಣದಿಂದ ಅಳೆಯತಕ್ಕುದು? ಅಂತಹ ಗೋಡೆಗಳು ಒಂದೆರಡಲ್ಲ, ಊರಿಗೆ ಊರೇ ಆಗಿರುವ ಸೀಮೆಯೊಂದು ರಾಜಸ್ಥಾನದ ಈಶಾನ್ಯಭಾಗದಲ್ಲಿರುವುದರಿಂದ ಈ ಪ್ರಶ್ನೆಯು ಬರಿಯ ತರ್ಕವಾಗಿ ಉಳಿಯಲಿಲ್ಲ.

ಆ ಸೀಮೆಗೆ ಶೇಖಾವಾಟಿಯೆಂದು ಹೆಸರು. ೧೫ನೆಯ ಶತಮಾನದಲ್ಲಿ ಆಳಿದ ರಾವ್ ಶೇಖಾ ಎಂಬ ಕಛವಾಹ ರಜಪೂತನ ಸಂತತಿಯವರ ನಾಡೆಂಬುದು ಈ ಹೆಸರಿನ ಅರ್ಥ. ಝುಂಝುನೂ ಮತ್ತು ಸೀಕರ್ ಜಿಲ್ಲೆಗಳು ಅದರ ಮುಖ್ಯಭಾಗಗಳು; ನೆರೆಯ ಚೂರುವನ್ನೂ ಚಿತ್ರಗಳ ದೃಷ್ಟಿಯಿಂದ ಇದರೊಡನೆ ಸೇರಿಸುವುದು ವಾಡಿಕೆ. ನವಲಗಢ, ಡೂಂಡಲೋದ್, ಮುಕುಂದಗಢ, ಮಂಡಾವಾ, ಫತೇಪುರ, ಲಕ್ಷ್ಮಣಗಢ, ರಾಮಗಢ, ಮಹಣಸರ್ ಮೊದಲಾದ ಚಿಕ್ಕ ಊರುಗಳು ಮರಳುನಾಡಿನ ಅಂಚಿನಲ್ಲಿ ಒಂದಕ್ಕೊಂದು ಹತ್ತಿರವಾಗಿಯೇ ಇವೆ. ಊರಿನಿಂದ ಊರಿಗೆ ಬಸ್ಸಿನಲ್ಲಿ ಹೋಗಿ, ಊರೊಳಗೆ ಕಾಲ್ನಡಿಗೆಯಿಂದ ತಿರುಗಿದರೆ, ಕೆಲವೇ ದಿನಗಳಲ್ಲಿ ಸುಮಾರು ಇನ್ನೂರು ವರ್ಷಗಳ ಚಿತ್ರಕಲೆಯನ್ನು ಆಕಾಶದ ಬೆಳಕಿನಲ್ಲಿ ನೋಡಬಹುದು. ಪ್ರಪಂಚದಲ್ಲಿ ಚಿತ್ರಶಾಲೆಗಳು ಬೇಕಾದಷ್ಟಿರಬಹುದು. ಬೀದಿಯನ್ನೇ ಮೊಗಸಾಲೆಯನ್ನಾಗಿ ಮಾಡಿಕೊಂಡ ಇಷ್ಟು ಊರುಗಳು ಒಂದೇ ಕಡೆಯಲ್ಲಿ ನೆರೆದಿರುವುದು ಅಪೂರ್ವವು.

ಈ ಚಿತ್ರಗಳ ವಿಷಯವಾಗಿ ಬರೆದವರು ಕೆಲವರುಂಟು. ೧೯೮೨ರಲ್ಲಿ ಫ್ರಾನ್ಸಿಸ್ ವಾಕ್ಸಿಯಾರ್ಗ್ ಮತ್ತು ಅಮನ್ ನಾಥ್ ಎಂಬವರು ಇವುಗಳ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇಲೇ ಕೂಪರ್ ಎಂಬ ಆಂಗ್ಲ ವಿದ್ವಾಂಸನು ಬಹುಕಾಲ ಅಲ್ಲಿ ಸಂಚರಿಸಿ ಊರೂರಿನ ಮನೆಗಳನ್ನು ಪರಿಶೀಲಿಸಿದನು. ಇವರ ಶ್ರಮದಿಂದ ಹೊರಗಿನವರಿಗೆ ಈ ಸೀಮೆಯ ಪರಿಚಯವಾಯಿತು. ಪರಿಚಯವಾದುದರ ಜೊತೆಯಲ್ಲಿಯೇ ಒಂದು ಅನರ್ಥವೂ ಬಂದಿತು. ನೋಡುವವರು ಹೆಚ್ಚಿದರು, ನೋಡುವ ಕ್ರಮವು ಮಾತ್ರ ಹಗುರವಾಯಿತು. ಆ ಹಗುರತನದ ಸ್ವರೂಪವೇನು, ಅದರಿಂದ ಚಿತ್ರಗಳಿಗೇ ಒದಗಿರುವ ಹಾನಿಯೇನು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯವು.

೨

ಗುಣದೋಷಗಳ ವಿಚಾರಕ್ಕೆ ಮೊದಲು ವಸ್ತುವಿನ ಹುಟ್ಟನ್ನು ತಿಳಿಯುವುದು ಅವಶ್ಯಕ. ಗುಜರಾತಿನ ಬಂದರುಗಳಿಂದ ಉತ್ತರದೇಶಕ್ಕೆ ಸರಕು ಸಾಗಿಸುವ ಒಂಟೆಗಳ ದಾರಿಗಳು ಹಿಂದೆ ಈ ಸೀಮೆಯಲ್ಲಿ ಹಾದುಹೋಗುತ್ತಿದ್ದುವು. ಇಲ್ಲಿಯ ಠಾಕೂರರು ಸುಂಕವನ್ನು ಹಗುರವಾಗಿಟ್ಟುದರಿಂದ ವರ್ತಕರು ಬಂದು ನೆಲಸಿದರು. ಚೂರುವಿನ ಪೋದಾರರು ಉಣ್ಣೆಯ ಸುಂಕದ ವಿಷಯದಲ್ಲಿ ಅಲ್ಲಿಯ ಠಾಕೂರನೊಡನೆ ಮನಸ್ತಾಪಗೊಂಡು ೧೭೯೧ರಲ್ಲಿ ರಾಮಗಢವೆಂಬ ಹೊಸ ಊರನ್ನೇ ಕಟ್ಟಿದರೆಂಬುದು ಪ್ರಸಿದ್ಧವು. ಬ್ರಿಟಿಷರ ಕಾಲದಲ್ಲಿ ವ್ಯಾಪಾರವು ಕಲ್ಕತ್ತ, ಮುಂಬಯಿ ಬಂದರುಗಳಿಗೆ ತಿರುಗಿತು. ಬಳಿಕ ರೈಲು ಬಂದು ಒಂಟೆಯ ದಾರಿಯನ್ನು ಮುಚ್ಚಿತು. ಆಗ ಈ ವರ್ತಕರೂ ಬಂದರುಗಳಿಗೆ ಹೋದರು. ಕನ್ನಡಿಗರು ಮಾರ್ವಾಡಿಗಳೆಂದು ಒಟ್ಟಾಗಿ ಕರೆಯುವ ವರ್ತಕರಲ್ಲಿ ಬಿರ್ಲಾ, ಪೋದಾರ, ಗೋಯೆಂಕಾ, ಸಿಂಘಾನಿಯಾ ಮೊದಲಾದ ಮನೆತನಗಳ ಮೂಲವು ಮಾರವಾಡವಲ್ಲ, ಈ ಶೇಖಾವಾಟಿಯೇ ಆಗಿದೆ.

ಗಂಡಸರು ದೂರದಲ್ಲಿ ದುಡಿದರು. ಹೆಂಗಸರೂ ಮಕ್ಕಳೂ ಊರಿನಲ್ಲಿದ್ದರು. ದುಡಿದ ಹಣವು ಊರಿಗೆ ಬಂದು ಮನೆಯಾಗಿಯೂ ಗುಡಿಯಾಗಿಯೂ ಬಾವಿಯಾಗಿಯೂ ಧರ್ಮಶಾಲೆಯಾಗಿಯೂ, ಸತ್ತವರ ನೆನಪಿಗಾಗಿ ಎತ್ತಿದ ಗುಮ್ಮಟದ ಛತ್ರಿಯಾಗಿಯೂ ಪರಿಣಮಿಸಿತು. ಈ ಐದರ ಮೇಲೂ ಚಿತ್ರವುಂಟು. ಕನ್ನಡನಾಡಿನ ತೊಟ್ಟಿಯ ಮನೆಯನ್ನು ಬಲ್ಲವರಿಗೆ ಹವೇಲಿಯ ವಿನ್ಯಾಸವು ಅಪರಿಚಿತವಾಗಿ ತೋರದು: ಹೊರಗೆ ವ್ಯವಹಾರದ ಅಂಗಳ, ಒಳಗೆ ಹೆಂಗಸರ ಅಂಗಳ, ನಡುವೆ ಹೆಬ್ಬಾಗಿಲು.

ಚಿತ್ರ ಬರೆದವರು ಚೇಜಾರರೆಂಬವರು. ಕುಂಬಾರ ಜಾತಿಗೆ ಸೇರಿದ ಇವರು ಗಾರೆಯ ಕೆಲಸವನ್ನೂ ಚಿತ್ರದ ಕೆಲಸವನ್ನೂ ಏಕಕಾಲದಲ್ಲಿ ಬಲ್ಲವರಾಗಿದ್ದರು. ಗೋಡೆಯನ್ನು ಕಟ್ಟಿದವನೇ ಅದಕ್ಕೆ ಚಿತ್ರವನ್ನೂ ಬರೆದನೆಂಬ ಸಂಗತಿಯು ಈ ಕಲೆಯ ಮರ್ಮವು. ಗಾರೆಯನ್ನು ಹಲವು ಪದರಗಳಾಗಿ ಬಳಿದು, ಮೇಲಿನ ಪದರಕ್ಕೆ ಚೆನ್ನಾಗಿ ಸೋಸಿ ಹದಮಾಡಿದ ನಯವಾದ ಸುಣ್ಣವನ್ನೂ ಅಮೃತಶಿಲೆಯ ಪುಡಿಯನ್ನೂ ಕೂಡಿಸಿ, ಅದು ಹಸಿಯಾಗಿರುವಾಗಲೇ ಬಣ್ಣವನ್ನು ಹಚ್ಚಿ ನುಣುಗಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು, ಜಾಜಿನ ಕೆಂಪು, ನೀಲಿಗಿಡದ ನೀಲ, ಹಸುರುಮಣ್ಣಿನ ಹಸುರು, ಇವೇ ಅವರ ಬಣ್ಣಗಳು. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಸೆರೆಹಿಡಿಯುವುದು. ಆದಕಾರಣ ಅಂಟಿನ ಆವಶ್ಯಕತೆಯಿಲ್ಲ. ಮಾನಸೋಲ್ಲಾಸವು ಎಮ್ಮೆಯ ತೊಗಲನ್ನು ಬೇಯಿಸಿ ಮಾಡಿದ ವಜ್ರಲೇಪವನ್ನು ಹೇಳುವುದು. ಅದು ಒಣಗೋಡೆಯ ಮಾರ್ಗ. ಇದು ಹಸಿಗೋಡೆಯ ಮಾರ್ಗ. ಒಣಗೋಡೆಯ ಮೇಲೆ ಬರೆಯುವವನು ಅಳಿಸಿ ತಿದ್ದಬಲ್ಲನು. ಹಸಿಗೋಡೆಯ ಮೇಲೆ ಬರೆಯುವವನಿಗೆ ಗೋಡೆಯು ಒಣಗುವಷ್ಟು ಹೊತ್ತೇ ಕಾಲ. ಅವನ ರೇಖೆಯು ತಡವರಿಸುವಂತಿಲ್ಲ. ತಡವರಿಸಿದರೆ ಆ ತಡವರಿಕೆಯೂ ಕಲ್ಲಾಗಿ ನಿಲ್ಲುವುದು.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿ ಮೊದಲಾದ ದೇಶಗಳ ರಾಸಾಯನಿಕ ಬಣ್ಣಗಳು ಬಂದುವು. ಉಜ್ಜ್ವಲವಾದ ನೀಲವೂ ಕಡುಗೆಂಪೂ ಅಗ್ಗವಾಗಿ ದೊರೆಯತೊಡಗಿದುವು. ಕ್ರಮೇಣ ಒಣಗೋಡೆಯ ಮೇಲೆ ಬರೆಯುವ ರೂಢಿಯು ಹೆಚ್ಚಿತು. ಇದರ ಜೊತೆಯಲ್ಲಿ ಅಚ್ಚಿನ ಚಿತ್ರಪಟಗಳೂ ಬಂದುವು. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರಾಜಾ ರವಿವರ್ಮನ ಮುದ್ರಣಾಲಯದ ದೇವತಾಪಟಗಳು ಶೇಖಾವಾಟಿಯ ಗೋಡೆಗಳ ಮೇಲೂ ಛಾಯೆಗಳನ್ನು ಬೀರಿದುವು. ಹೀಗೆ ಬಣ್ಣ, ಗೋಡೆ, ಮಾದರಿ ಮೂರೂ ಒಂದೇ ಕಾಲದಲ್ಲಿ ಬದಲಾದುವು. ೧೯೩೦ರ ದಶಕದ ವೇಳೆಗೆ ವರ್ತಕರ ಕುಟುಂಬಗಳೇ ಪಟ್ಟಣಗಳಿಗೆ ಹೊರಟುಹೋಗಿ, ಬರೆಯಿಸುವವರಿಲ್ಲದೆ ಕಲೆಯು ನಿಂತಿತು.

೩

ಈ ಊರುಗಳಿಗೆ ಹೋಗುವವನಿಗೆ ದಾರಿತೋರುವವರು ತೋರಿಸುವುದು ಸಾಮಾನ್ಯವಾಗಿ ರೈಲು, ಮೋಟಾರು, ವಿಮಾನ ಇವುಗಳನ್ನೇ. ಅವುಗಳ ಮುಂದೆ ಒಂದು ಕಥೆಯನ್ನೂ ಹೇಳುವರು: ಬರೆದವನು ರೈಲನ್ನು ಕಂಡವನೇ ಅಲ್ಲ, ಯಜಮಾನನು ಹೇಳಿದುದನ್ನು ಕೇಳಿ ಬರೆದನು, ಎಂಬುದು ಆ ಕಥೆಯು. ಕೇಳಿದವನು ನಗುವನು, ನಕ್ಕು ಮುಂದಕ್ಕೆ ಹೋಗುವನು. ಚಿತ್ರಸೂತ್ರವು ನೋಡುವವರನ್ನು ಅವರವರ ರುಚಿಗೆ ತಕ್ಕಂತೆ ವಿಂಗಡಿಸಿ, ಬಲ್ಲವರ ಕಣ್ಣು ಮೊದಲು ರೇಖೆಯ ಮೇಲೆ ನಿಲ್ಲುವುದೆಂದೂ ಬಣ್ಣದ ಬೆಡಗಿಗೆ ಮರುಳಾಗುವವರು ಕಡೆಯವರೆಂದೂ ಸೂಚಿಸಿದೆ. ವಿಷಯದ ವೈಚಿತ್ರ್ಯಕ್ಕೆ ಮಾತ್ರ ಮರುಳಾಗುವವರನ್ನು ಅದು ಹೆಸರಿಸಿಯೂ ಇಲ್ಲ. ಆದುದರಿಂದ ದಾರಿತೋರುವವರಿಲ್ಲದೆ ತಾನಾಗಿ ನಡೆಯುವುದೇ ಇಲ್ಲಿ ಲೇಸು. ಅದರಲ್ಲಿಯೂ ಕಾಲಕ್ರಮವನ್ನು ಅನುಸರಿಸಿ ನಡೆಯುವುದು ಇನ್ನೂ ಲೇಸು. ಹಳೆಯ ಕಾವ್ಯವನ್ನು ಓದದವನಿಗೆ ಹೊಸ ಕಾವ್ಯದ ಹೊಸತನವೆಲ್ಲಿ ತಿಳಿದೀತು?

ಇಂತಹ ನಡಿಗೆಯ ಮೊದಲ ಮೆಟ್ಟಿಲು ಪರಶುರಾಮಪುರ. ನವಲಗಢದ ಆಗ್ನೇಯಕ್ಕಿರುವ ಈ ಚಿಕ್ಕ ಗ್ರಾಮದಲ್ಲಿ ಠಾಕೂರ್ ಶಾರ್ದೂಲಸಿಂಹನ ಛತ್ರಿಯಿದೆ. ೧೭೪೨ರಲ್ಲಿ ತೀರಿಕೊಂಡ ಈ ಠಾಕೂರನ ನೆನಪಿಗಾಗಿ ೧೭೫೦ರಲ್ಲಿ ಕಟ್ಟಿದ ಗುಮ್ಮಟವಿದು. ಗುಮ್ಮಟದ ಒಳಮೈಯಲ್ಲಿ ರಾಮಾಯಣದ ಯುದ್ಧ, ಕೃಷ್ಣಲೀಲೆ, ಒಂಟೆಯ ಮೇಲೆ ಓಡಿಹೋಗುವ ಢೋಲಾ ಮಾರೂ ಎಂಬ ಪ್ರೇಮಿಗಳು, ಐವರು ಮಕ್ಕಳೊಡನೆ ಕುಳಿತ ಠಾಕೂರನು, ಇವೆಲ್ಲವೂ ಚಕ್ರಾಕಾರವಾಗಿ ಸುತ್ತಿಕೊಂಡಿವೆ. ಬಣ್ಣಗಳು ಕೆಲವೇ, ಕೆಮ್ಮಣ್ಣಿನ ಕೆಂಪು ಮತ್ತು ಕಪ್ಪುಗಳಿಗೆ ಪ್ರಾಧಾನ್ಯ. ಆದರೆ ಅಲ್ಲಿಯ ಕುದುರೆಯ ಕೊರಳಿನ ಬಾಗು, ಆನೆಯ ಸೊಂಡಿಲಿನ ಬೀಸು, ಕಪಿಸೇನೆಯ ನುಗ್ಗಾಟ, ಇವು ಒಂದೇ ಉಸಿರಿನಲ್ಲಿ ಬರೆದ ರೇಖೆಗಳಿಂದ ಹುಟ್ಟಿದವು. ತಲೆಯೆತ್ತಿ ನೋಡುವವನು ಕಥೆಯನ್ನು ಹಿಡಿಯಬೇಕಾದರೆ ತಾನೇ ಗುಮ್ಮಟದ ಕೆಳಗೆ ಸುತ್ತಬೇಕು. ಅರಿಯದೆಯೇ ಸತ್ತವನಿಗೆ ಪ್ರದಕ್ಷಿಣೆ ಬಂದಂತಾಗುವುದು. ಚಿತ್ರವೂ ಎಡೆಯೂ ಪ್ರಯೋಜನವೂ ಇಷ್ಟು ಹೊಂದಿಕೊಂಡಿರುವ ಉದಾಹರಣೆಯು ಈ ಸೀಮೆಯಲ್ಲಿ ಬೇರೊಂದಿಲ್ಲವೆಂದರೂ ಸಲ್ಲುವುದು.

ಎರಡನೆಯ ಮೆಟ್ಟಿಲು ಮಂಡಾವಾದ ಗುಲಾಬರಾಯ ಲಾಡಿಯಾ ಹವೇಲಿ. ೧೮೭೦ರ ಸುಮಾರಿನ ಈ ಮನೆಯ ಹೊರಗೋಡೆಯಲ್ಲಿ ಆನೆಗಳೂ ಸವಾರರನ್ನು ಹೊತ್ತ ಒಂಟೆಗಳೂ ಸಾಲಾಗಿ ನಡೆಯುವುವು; ಸೂರಿನ ಬೋದಿಗೆಗಳ ನಡುವಣ ಸಂದುಗಳಲ್ಲಿಯೂ ಚಿತ್ರಗಳಿವೆ. ಹೆರುವ ಹೆಣ್ಣು, ಅವಳ ಬಳಿಯ ದಾದಿಯರು, ಇಂತಹ ಮನೆವಾರ್ತೆಯ ಸಂಗತಿಗಳಿಗೂ ಚಿತ್ರಗಾರನು ನಾಚಿಲ್ಲ. ಕೆಲವು ಶೃಂಗಾರಚಿತ್ರಗಳನ್ನು ಮುಂದಿನವರು ಅಳಿಸಿಬಿಟ್ಟರು. ಇಲ್ಲಿ ಗಮನಿಸತಕ್ಕುದು ಗೋಡೆಯ ವಿಂಗಡಣೆಯು. ಬಾಗಿಲು, ಕಿಟಕಿ, ಬೋದಿಗೆ, ಚಾಚುಸೂರು ಇವುಗಳು ಮಾಡಿಕೊಟ್ಟ ಅಂಕಣಗಳನ್ನು ಚಿತ್ರಗಾರನು ಛಂದಸ್ಸಿನ ಗಣಗಳಂತೆ ಪಾಲಿಸಿರುವನು. ಉದ್ದವಾದ ಪಟ್ಟಿಯಲ್ಲಿ ಮೆರವಣಿಗೆ. ಚೌಕದಲ್ಲಿ ಎದುರುಬದುರಾದ ಇಬ್ಬರು. ಕಮಾನಿನ ಮೂಲೆಯಲ್ಲಿ ಬಳ್ಳಿ ಅಥವಾ ನವಿಲು. ಗೋಡೆಯನ್ನು ಕಟ್ಟಿದ ಕೈಯೇ ಬರೆದುದರಿಂದ ಈ ಸಾಮರಸ್ಯವು ಸಾಧ್ಯವಾಯಿತು.

ಈ ಪಟ್ಟಿಗಳನ್ನು ಮೊದಲು ಕಂಡವನಿಗೆ ನವಲಗಢದ ರೈಲು ನಗೆಪಾಟಲಾಗಿ ತೋರದು. ಭಗತೋಂ ಕೀ ಛೋಟೀ ಹವೇಲಿಯೆಂಬ ಮನೆಯ ಪಡುಗೋಡೆಯಲ್ಲಿ ಒಂದು ಉಗಿಬಂಡಿಯೂ ಒಂದು ಹೊಗೆಹಡಗೂ ಇವೆ; ಅವುಗಳ ಮೇಲುಗಡೆಯಲ್ಲಿಯೇ ಗೋಪಿಕಾಸ್ತ್ರೀಯರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯ ಆಕಾರವನ್ನು ತಾಳಿದ ಚಿತ್ರವಿದೆ. ನವನಾರೀಕುಂಜರವೆಂದು ದಕ್ಷಿಣದ ಶಿಲ್ಪಿಗಳಿಗೂ ಪರಿಚಿತವಾದ ಕಲ್ಪನೆಯೇ ಇದು. ಆನೆಯ ಹೊಟ್ಟೆಯೊಳಗೆ ಹೆಂಗಸರು; ಬಂಡಿಯ ಹೊಟ್ಟೆಯೊಳಗೆ ಪ್ರಯಾಣಿಕರು. ಶೇಖಾವಾಟಿಯ ರೈಲುಗಳಲ್ಲಿ ಗಾಡಿಗಳು ಸಾಲುಮನೆಗಳಂತೆಯೂ, ಕಿಟಕಿಗೊಂದೊಂದು ಮುಖವು ಪಕ್ಕಕ್ಕೆ ತಿರುಗಿದಂತೆಯೂ ಇರುವುವು. ರೈಲು ಹಾಗಿರುವುದಿಲ್ಲವೆಂಬುದು ನಿಜ. ಆದರೆ ಮೆರವಣಿಗೆಯ ಪಟ್ಟಿಯು ಹಾಗೆಯೇ ಇರುವುದು. ಆನೆ ಒಂಟೆಗಳು ನಡೆಯುತ್ತಿದ್ದ ಉದ್ದಪಟ್ಟಿಗೆ ರೈಲು ಉತ್ತರಾಧಿಕಾರಿಯಾಗಿ ಬಂದಿತು. ಹಳೆಯ ಪಟ್ಟಿಯ ಧರ್ಮವನ್ನು ಅಂಗೀಕರಿಸಿತು. ಒಂಟೆಯ ದಾರಿಯನ್ನು ಮುಚ್ಚಿದ ಅದೇ ರೈಲು ಗೋಡೆಯ ಮೇಲೆ ಒಂಟೆಯ ಎಡೆಯಲ್ಲಿಯೇ ಬಂದು ನಿಂತಿತೆಂಬುದು ಚಿತ್ರಗಾರನು ಉದ್ದೇಶಿಸಿದ ಧ್ವನಿಯಲ್ಲದೆ ಇರಬಹುದು. ಆದರೂ ಸಹೃದಯನಿಗೆ ಕೇಳಿಸದಿರಲಾರದು.

ಮೂರನೆಯ ಮೆಟ್ಟಿಲು ಮರಳಿ ಮಂಡಾವಾದಲ್ಲಿ. ೨೦ನೆಯ ಶತಮಾನದ ಮೊದಲ ದಶಕಗಳ ಬನ್ಸೀಧರ ನೇವಟಿಯಾ ಹವೇಲಿಯ ಗೋಡೆಯಲ್ಲಿ ಟೆಲಿಫೋನಿನಲ್ಲಿ ಮಾತನಾಡುವ ಹುಡುಗನೂ, ಸಾರಥಿಯಿರುವ ಮೋಟಾರಿನಲ್ಲಿ ಕುಳಿತ ಯೂರೋಪಿಯನ್ ಹೆಂಗಸೂ, ೧೯೦೩ರಲ್ಲಿ ಮೊದಲು ಹಾರಿದ ರೈಟ್ ಸೋದರರ ವಿಮಾನವೂ ಇವೆ. ವಿಮಾನವನ್ನು ಬೆರಳೆತ್ತಿ ತೋರಿಸುವ ಸೀರೆಯುಟ್ಟ ಹೆಂಗಸರು ಕೆಳಗಿರುವುದರಿಂದ ಈ ಚಿತ್ರವು ಯಂತ್ರದ ಚಿತ್ರವಾಗದೆ ಬೆರಗಿನ ಚಿತ್ರವಾಗಿದೆ. ಅದ್ಭುತರಸಕ್ಕೆ ವಿಭಾವವು ವಿಮಾನ, ಅನುಭಾವವು ಎತ್ತಿದ ಬೆರಳು. ಲಕ್ಷಣಗ್ರಂಥವನ್ನು ಓದದ ಚೇಜಾರನಿಗೆ ಲಕ್ಷಣವು ಕೈಗೂಡಿದ್ದಿತು.

ಕಡೆಯ ಮೆಟ್ಟಿಲು ಅದೇ ಊರಿನ ಮುರ್‌ಮುರಿಯಾ ಹವೇಲಿ. ೧೯೩೦ರ ದಶಕದ ಈ ಮನೆಯಲ್ಲಿ ವೆನಿಸ್ ನಗರದ ಕಾಲುವೆಯೂ ದೋಣಿಯೂ, ಕುದುರೆಯೇರಿ ಧ್ವಜವನ್ನು ಹಿಡಿದ ಜವಾಹರಲಾಲ ನೆಹರುವೂ ಇರುವುದನ್ನು ಎಲ್ಲರೂ ಹೊಗಳುವರು. ವಿಷಯವು ಸ್ವಾರಸ್ಯವಾದುದೇ. ಠಾಕೂರನು ಕುಳಿತಿದ್ದ ಕುದುರೆಯ ಮೇಲೆ ದೇಶನಾಯಕನು ಕುಳಿತನೆಂಬುದು ಚರಿತ್ರೆಯ ಒಂದು ಪುಟವೇ ಸರಿ. ಆದರೆ ಚಿತ್ರವೆಂದು ನೋಡಿದಾಗ ಇಲ್ಲಿ ಇಳಿಗಾಲವು ಸ್ಪಷ್ಟವಾಗಿದೆ. ಮಾನಸೋಲ್ಲಾಸವು ಕನ್ನಡಿಯ ಪ್ರತಿಬಿಂಬದಂತಹ ಸಾದೃಶ್ಯವುಳ್ಳುದನ್ನು ವಿದ್ಧಚಿತ್ರವೆಂದು ಕರೆಯುವುದು. ಕಡೆಗಾಲದ ಚಿತ್ರಗಾರನು ಬಯಸಿದುದು ಈ ವಿದ್ಧತ್ವವನ್ನೇ. ಅಚ್ಚಿನ ಪಟವನ್ನು ಮುಂದಿಟ್ಟುಕೊಂಡು ನೆರಳುಬೆಳಕುಗಳನ್ನು ತುಂಬಿದನು. ಕನ್ನಡಿಯೂ ದೊರೆಯಲಿಲ್ಲ, ರೇಖೆಯೂ ಉಳಿಯಲಿಲ್ಲ. ಚಿತ್ರವು ಗೋಡೆಯ ಅಂಗವಾಗಿರುವುದನ್ನು ಬಿಟ್ಟು, ಗೋಡೆಗೆ ತೂಗುಹಾಕಿದ ಪಟದಂತಾಯಿತು. ಪರಶುರಾಮಪುರದಿಂದ ಇಲ್ಲಿಗೆ ನಡೆದುಬಂದವನಿಗೆ ಈ ವ್ಯತ್ಯಾಸವು ಯಾರೂ ಹೇಳದೆಯೇ ತಿಳಿಯುವುದು.

೪

ಈ ಚಿತ್ರಗಳಿಗೆ ವಿರೋಧವಾಗಿ ಎರಡು ಆಕ್ಷೇಪಗಳನ್ನು ಹೇಳುವುದುಂಟು. ಮೊದಲನೆಯದು ಅನೌಚಿತ್ಯದ ಆಕ್ಷೇಪ. ಒಂದೇ ಗೋಡೆಯಲ್ಲಿ ಕೃಷ್ಣನೂ ದೊರೆಸಾನಿಯೂ, ಗಜೇಂದ್ರಮೋಕ್ಷವೂ ಗ್ರಾಮಫೋನೂ. ಕೆಲವೆಡೆ ದೇವರೇ ಮೋಟಾರಿನಲ್ಲಿ. ಔಚಿತ್ಯವು ಕಾವ್ಯಕ್ಕೆ ಪ್ರಾಣವೆಂದು ಕ್ಷೇಮೇಂದ್ರನು ಪ್ರತಿಪಾದಿಸಿದುದನ್ನು ಓದಿದವರಿಗೆ ಇದು ಕಣ್ಣಿಗೆ ಚುಚ್ಚುವುದು ಸಹಜ. ಇದಕ್ಕೆ ಸಮಾಧಾನವೇನೆಂದರೆ, ಔಚಿತ್ಯವು ಎಡೆಯನ್ನವಲಂಬಿಸಿದುದು. ಗರ್ಭಗೃಹದ ಭಿತ್ತಿಯಲ್ಲಿ ಮೋಟಾರು ಅನುಚಿತವೇ ಸರಿ. ಬೀದಿಯಲ್ಲಿ ದೇವರ ತೇರೂ ಹೋಗುವುದು, ಮದುವೆಯ ದಿಬ್ಬಣವೂ ಹೋಗುವುದು, ಸಂತೆಗೆ ಹೋಗುವ ಬಂಡಿಯೂ ಹೋಗುವುದು. ಯಾರೂ ಅದನ್ನು ರಸಭಂಗವೆನ್ನರು. ಬೀದಿಯ ಗೋಡೆಯು ಬೀದಿಯ ಧರ್ಮವನ್ನು ಅನುಸರಿಸಿದೆ. ಆದರೆ ಈ ಸಮಾಧಾನವು ಎಲ್ಲ ಗೋಡೆಗಳಿಗೂ ಸಲ್ಲದು. ಕಡೆಗಾಲದ ಹಲವು ಮನೆಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಪಟಗಳನ್ನು ಒಟ್ಟುಗೂಡಿಸಿ ಗೋಡೆಯನ್ನು ತುಂಬಿರುವರು. ನವನಾರೀಕುಂಜರದ ಕೆಳಗಿನ ರೈಲಿನಲ್ಲಿರುವ ಅಂತಸ್ಸಂಬಂಧವು ಅಲ್ಲಿಲ್ಲ. ಅಂತಹವುಗಳನ್ನು ಬೆಂಬಲಿಸುವುದು ವಿಮರ್ಶೆಯಲ್ಲ, ದಾಕ್ಷಿಣ್ಯ.

ಎರಡನೆಯ ಆಕ್ಷೇಪವು ಇನ್ನೂ ಬಲವಾದುದು. ಇವು ವರ್ತಕರ ಒಣಹೆಮ್ಮೆಯಿಂದ ಹುಟ್ಟಿದವು. ನೆರೆಯವನಿಗಿಂತ ಒಂದು ಆನೆಯನ್ನು ಹೆಚ್ಚಾಗಿ ಬರೆಯಿಸುವ ಮೇಲಾಟವೇ ಇದರ ಮೂಲ, ಎಂಬುದು. ಹೆಮ್ಮೆಯಿದ್ದುದು ಸುಳ್ಳಲ್ಲ. ಅರಸರ ಪ್ರಶಸ್ತಿಶಾಸನಗಳಲ್ಲಿಯೂ ಹೆಮ್ಮೆಯುಂಟು. ಆದಕಾರಣ ಅವುಗಳಲ್ಲಿರುವ ಒಳ್ಳೆಯ ಪದ್ಯವನ್ನು ಯಾರೂ ತಳ್ಳಿಹಾಕುವುದಿಲ್ಲ. ಮೇಲಾಗಿ ಹೆಮ್ಮೆಗೆ ಕಣ್ಣುಗಳು ಬೇಕು. ಒಳಮನೆಯಲ್ಲಿ ಮುಚ್ಚಿಟ್ಟ ಚಿನ್ನವು ಯಜಮಾನನೊಬ್ಬನದು. ಬೀದಿಯ ಗೋಡೆಯ ಚಿತ್ರವು ನೀರು ಹೊತ್ತು ಹೋಗುವ ಹೆಂಗಸಿನದೂ ಆಗಿದೆ, ಮಠದ ಶಾಲೆಗೆ ಹೋಗುವ ಹುಡುಗನದೂ ಆಗಿದೆ. ಬೀದಿಯವರಿಗೆ ತೋರಿಸಿ ಮೆರೆಯಬೇಕೆಂದು ಹೊರಟವನು ಅರಿಯದೆಯೇ ಬೀದಿಗೆ ಒಂದು ದಾನವನ್ನು ಮಾಡಿದನು. ಪೂರ್ವಪಕ್ಷವು ಉದ್ದೇಶವನ್ನು ನೋಡುವುದು. ಸಿದ್ಧಾಂತವು ಫಲವನ್ನು ನೋಡಬೇಕು.

ಇಷ್ಟು ಹೇಳಿದ ಮೇಲೂ ಒಂದು ಸಂಗತಿಯು ಮನಸ್ಸನ್ನು ಕಲಕದೆ ಬಿಡದು. ಈ ಮನೆಗಳನ್ನು ಕಟ್ಟಿಸಿದ ಹಲವರು ಅವುಗಳಲ್ಲಿ ವಾಸಿಸಿದುದು ಅಲ್ಪಕಾಲ. ಬಾಗಿಲಿನ ಮೇಲೆ ಗಣಪತಿ, ಇಕ್ಕೆಲಗಳಲ್ಲಿ ದ್ವಾರಪಾಲರು, ಪಡಸಾಲೆಯಲ್ಲಿ ಯಜಮಾನನ ಭಾವಚಿತ್ರ. ಆದರೆ ಯಜಮಾನನು ಕಲ್ಕತ್ತೆಯಲ್ಲಿ. ಈಗ ಹಲವು ಹವೇಲಿಗಳಿಗೆ ಬೀಗ, ಕೆಲವುಗಳಲ್ಲಿ ಕಾವಲುಗಾರನ ಸಂಸಾರ, ಕೆಲವು ಅತಿಥಿಗೃಹಗಳು. ನೇವಟಿಯಾ ಹವೇಲಿಯಲ್ಲಿ ಬ್ಯಾಂಕೊಂದು ಬಂದು ನೆಲಸಿತು. ಒಡೆತನವು ಮೊಮ್ಮಕ್ಕಳ ಮಕ್ಕಳಲ್ಲಿ ಹಂಚಿಹೋಗಿ ಯಾರ ಮನೆಯೆಂಬುದೇ ವಿವಾದವಾಗುವುದೂ ಉಂಟು. ಗೋಡೆಯು ಬೀದಿಯದೂ ಅಲ್ಲ, ಒಡೆಯನದೂ ಅಲ್ಲ ಎಂಬ ಸ್ಥಿತಿಯಲ್ಲಿ, ಅದಕ್ಕೆ ಒಂದು ಕೈ ಸುಣ್ಣವನ್ನು ಬಳಿದುಬಿಟ್ಟರೆ ಕೇಳುವವರು ಯಾರು?

೫

ಇಲ್ಲಿಂದ ಮುಖ್ಯವಾದ ವಿಷಯಕ್ಕೆ ಬರಬಹುದು. ಮಾಸಿದ ಚಿತ್ರವನ್ನು ಏನು ಮಾಡತಕ್ಕುದು? ಮೂರು ಮಾರ್ಗಗಳು ಈ ಊರುಗಳಲ್ಲಿಯೇ ಕಾಣಸಿಗುವುವು. ಹೆಚ್ಚಿನ ಮನೆಗಳು ಬಿಸಿಲು ಮಳೆಗಳ ಪಾಲಾಗಿವೆ. ನವಲಗಢದ ಪೋದಾರ ಹವೇಲಿಯು ವಸ್ತುಸಂಗ್ರಹಾಲಯವಾಗಿದ್ದು, ಅಲ್ಲಿಯ ಚಿತ್ರಗಳಿಗೆ ಹೊಸಬಣ್ಣವನ್ನು ಹಚ್ಚಿ ಉಜ್ಜ್ವಲವಾಗಿ ಮಾಡಿರುವರು. ಅದೇ ಊರಿನ ಮುರಾರ್ಕಾ ಹವೇಲಿಯಲ್ಲಿ ಮೇಲೆ ಬರೆಯದೆ, ಹಳೆಯದನ್ನು ಇದ್ದಂತೆಯೇ ಉಳಿಸುವ ಪ್ರಯತ್ನವಿದೆ. ಎರಡು ಮನೆಗಳನ್ನೂ ಒಂದೇ ದಿನ ನಡೆದು ನೋಡಬಹುದು. ನೋಡಿದವರಲ್ಲಿ ಬಹುಮಂದಿ ಮೊದಲನೆಯದನ್ನೇ ಮೆಚ್ಚಿಕೊಂಡರೆ ಆಶ್ಚರ್ಯವಿಲ್ಲ. ಅದು ಕಣ್ಣಿಗೆ ಹಬ್ಬ. ಅದರ ಒಡೆಯರ ಶ್ರದ್ಧೆಯನ್ನೂ ವೆಚ್ಚವನ್ನೂ ಯಾರೂ ಅಲ್ಲಗಳೆಯಲಾಗದು. ಅವರಿಲ್ಲದಿದ್ದರೆ ಗೋಡೆಯೇ ಉಳಿಯುತ್ತಿರಲಿಲ್ಲವೇನೋ. ಆದರೂ ಅಲ್ಲಿ ಕಾಣುವ ರೇಖೆಯು ಯಾರದು?

ಓಲೆಗರಿಯ ಗ್ರಂಥವನ್ನು ಸಂಶೋಧಿಸುವ ವಿದ್ವಾಂಸನ ನಡತೆಯು ಇಲ್ಲಿ ದಾರಿಯನ್ನು ತೋರಿಸಬಲ್ಲುದು. ಗರಿಯನ್ನು ಗೆದ್ದಲು ತಿಂದು ಪದ್ಯದ ಎರಡನೆಯ ಪಾದವು ಹೋಗಿದ್ದರೆ, ಅವನು ತಾನೇ ಒಂದು ಪಾದವನ್ನು ರಚಿಸಿ ಸೇರಿಸಿ ಕವಿಯ ಹೆಸರಿನಲ್ಲಿ ಅಚ್ಚುಹಾಕಿಸುವುದಿಲ್ಲ. ಅಲ್ಲಿ ಗ್ರಂಥಪಾತವೆಂದು ಗುರುತುಮಾಡಿ ಬಿಡುವನು. ಛಂದಸ್ಸು ಬಲ್ಲವನಿಗೆ ಒಂದು ಪಾದವನ್ನು ಹೊಸೆಯುವುದು ಕಷ್ಟವೇನೂ ಅಲ್ಲ, ಆದರೂ ಹೊಸೆಯನು. ಹೊಸೆದರೆ ಮುಂದಿನವರು ಆ ಪಾದವನ್ನೇ ಕವಿಯದೆಂದು ನಂಬಿ, ಅದರ ಮೇಲೆ ಕವಿಯ ಕಾಲವನ್ನೂ ಶೈಲಿಯನ್ನೂ ನಿರ್ಣಯಿಸುವರು. ಒಂದು ಸುಳ್ಳು ಪಾದದಿಂದ ಇಡೀ ಕಾವ್ಯವೇ ಸಂದಿಗ್ಧವಾಗುವುದು. ಗೋಡೆಯ ವಿಷಯದಲ್ಲಿ ಮಾತ್ರ ಈ ಎಚ್ಚರವು ಬೇಡವೆನ್ನುವುದು ಹೇಗೆ? ಹಸಿಗಾರೆಯ ಮೇಲೆ ತಡವರಿಸದೆ ಎಳೆದ ರೇಖೆಯ ಮೇಲೆ, ಒಣಗೋಡೆಗೆ ಹಚ್ಚುವ ಅಂಗಡಿಯ ಬಣ್ಣದಿಂದ ಮತ್ತೊಬ್ಬನು ಎಳೆದರೆ, ಹಳೆಯ ರೇಖೆಯು ಸತ್ತಿತು. ಅದರ ವೇಷವು ಉಳಿಯಿತು.

ಇದು ದೂರದೇಶದ ಸಮಸ್ಯೆಯೆಂದು ಕನ್ನಡಿಗರು ಭಾವಿಸಬೇಕಾದುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತಿನಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವು ಗೋಡೆಯನ್ನೆಲ್ಲ ಆವರಿಸಿಕೊಂಡಿದೆ. ೧೭೮೪ರಲ್ಲಿ ಕಟ್ಟಿದ ಆ ಭವನದ ಚಿತ್ರಗಳಿಗೆ ಮುಂದೆ ಸುಣ್ಣ ಬಳಿದುದೂ, ಅವುಗಳನ್ನು ವೆಲ್ಲೆಸ್ಲಿಯ ಕಾಲದಲ್ಲಿ ಒಮ್ಮೆಯೂ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆಯೂ ಹೊಸದಾಗಿ ಬರೆಯಿಸಿದುದೂ ಚರಿತ್ರೆಯಲ್ಲಿದೆ. ಇಂದು ಅಲ್ಲಿ ಕಾಣುವ ಕುದುರೆಗಳ ಸಾಲನ್ನು ನೋಡಿ ಮೆಚ್ಚುವವನು, ಟಿಪ್ಪುವಿನ ಕಾಲದ ಕೈಯನ್ನು ಎಷ್ಟರಮಟ್ಟಿಗೆ ಕಾಣುತ್ತಿರುವನು, ಮುಂದಿನವರ ನೆನಪನ್ನು ಎಷ್ಟರಮಟ್ಟಿಗೆ ಕಾಣುತ್ತಿರುವನು ಎಂಬುದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ವಸ್ತುವು ಉಳಿಯಿತು, ಅದಕ್ಕಾಗಿ ಕೃತಜ್ಞತೆಯು ಸಲ್ಲಬೇಕು. ಪಾಠವು ಶುದ್ಧವೇ ಎಂಬ ಸಂದೇಹವು ಮಾತ್ರ ಎಂದೆಂದಿಗೂ ಉಳಿಯಿತು. ತುಮಕೂರಿನ ಬಳಿಯ ಸೀಬಿಯ ನರಸಿಂಹ ದೇವಾಲಯದ ಮುಖಮಂಟಪದ ಚಿತ್ರಗಳಿಗೆ ಇಂತಹ ಗತಿಯು ಬಾರದಂತೆ ನೋಡಿಕೊಳ್ಳುವುದು ಕನ್ನಡನಾಡಿನವರ ಕರ್ತವ್ಯವು.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು, ಅದು ತಳ್ಳಿಹಾಕತಕ್ಕ ಮಾತಲ್ಲ. ಮನೆಯು ಗ್ರಂಥವಲ್ಲ, ಅದರಲ್ಲಿ ಜನರು ವಾಸಮಾಡಬೇಕು. ಗಾರೆ ಬಿದ್ದ ಗೋಡೆಗೆ ಗಾರೆ ಬಳಿಯಲೇಬೇಕು. ಚೇಜಾರರ ಪರಂಪರೆಯಲ್ಲಿ ತಂದೆಯು ಬರೆದ ಗೋಡೆಯನ್ನು ಮಗನು ಹೊಸದುಮಾಡುವುದು ಸಾಮಾನ್ಯವಲ್ಲವೇ? ಜೀರ್ಣೋದ್ಧಾರವು ಪುಣ್ಯಕಾರ್ಯವೆಂದೇ ಶಾಸ್ತ್ರವು ಸಾರುವುದಷ್ಟೆ? ಈ ಮಾತಿನಲ್ಲಿ ಸತ್ಯವಿದೆ. ಹಸಿಗಾರೆಯ ವಿದ್ಯೆಯನ್ನು ಬಲ್ಲವನೊಬ್ಬನು, ಬರಿದಾದ ಗೋಡೆಯ ಮೇಲೆ, ತನ್ನ ಕಾಲದ ಸಂಗತಿಯನ್ನು ತನ್ನ ರೇಖೆಯಿಂದ ಬರೆದರೆ ಅದು ಪರಂಪರೆಯೇ ಸರಿ. ರೈಲನ್ನೂ ವಿಮಾನವನ್ನೂ ಬರೆದ ಪೂರ್ವಿಕರು ಮಾಡಿದುದೂ ಅದನ್ನೇ. ಹಳೆಯ ಕಾವ್ಯದ ಪಕ್ಕದಲ್ಲಿ ಹೊಸ ಕಾವ್ಯವನ್ನು ಬರೆಯುವವನನ್ನು ಯಾರೂ ತಡೆಯರು. ಹಳೆಯ ಕಾವ್ಯದೊಳಗೆ ತನ್ನ ಪದ್ಯವನ್ನು ನುಸುಳಿಸುವವನನ್ನು ತಡೆಯಬೇಕು. ಫತೇಪುರದಲ್ಲಿ ೧೮೦೨ರ ಹಳೆಯ ಹವೇಲಿಯೊಂದನ್ನು ನಾದಿನ್ ಲ ಪ್ರಾಂಸ್ ಎಂಬ ಫ್ರೆಂಚ್ ಚಿತ್ರಗಾರ್ತಿಯು ೧೯೯೮ರಲ್ಲಿ ಕೊಂಡುಕೊಂಡು ಉದ್ಧಾರಮಾಡಿದಳು. ದೂರದೇಶದವಳ ಕಣ್ಣಿಗೆ ಕಂಡ ಬೆಲೆಯು ಹತ್ತಿರದವರ ಕಣ್ಣಿಗೆ ಕಾಣದೆ ಹೋಗುವುದು ಸೋಜಿಗವೂ ಹೌದು, ಸ್ವಲ್ಪ ನಾಚಿಕೆಯೂ ಹೌದು.

ಒಟ್ಟಿನಲ್ಲಿ ತೀರ್ಮಾನವಿಷ್ಟು. ಶೇಖಾವಾಟಿಯ ಚಿತ್ರಗಳೆಲ್ಲವೂ ಉತ್ತಮವಲ್ಲ. ಅಜಂತೆಯ ಪಂಕ್ತಿಯಲ್ಲಿ ಕುಳ್ಳಿರಿಸತಕ್ಕವು ಮೊದಲೇ ಅಲ್ಲ. ಅವುಗಳಲ್ಲಿ ಪರಶುರಾಮಪುರದಂತಹ ಕೆಲವು ಶ್ರೇಷ್ಠವು, ಲಾಡಿಯಾ ಹವೇಲಿಯಂತಹ ಹಲವು ಹದವರಿತವು, ಕಡೆಗಾಲದ ಬಹಳಷ್ಟು ವಿನೋದಕ್ಕೆ ಮಾತ್ರ ಪಾತ್ರವು. ಆದರೆ ಈ ತಾರತಮ್ಯವನ್ನು ತಿಳಿಯಬೇಕಾದರೆ ಮೂರೂ ಉಳಿದಿರಬೇಕು, ಮೂರೂ ತಮ್ಮ ತಮ್ಮ ನಿಜವಾದ ಮೈಯಲ್ಲಿ ಉಳಿದಿರಬೇಕು. ಎಲ್ಲಕ್ಕೂ ಒಂದೇ ಹೊಳಪಿನ ಬಣ್ಣವನ್ನು ಹಚ್ಚಿದ ದಿನ ಉತ್ತಮವೂ ಅಧಮವೂ ಒಂದೇ ಆಗುವುವು. ಆಗ ನಡೆದು ನೋಡುವವನಿಗೆ ಕಾಲಿನ ಶ್ರಮವು ಉಳಿದೀತೇ ಹೊರತು ವಿವೇಕವು ದೊರೆಯದು.

ಹೋಗಲು ಅನುಕೂಲವುಳ್ಳವರು ಚಳಿಗಾಲದಲ್ಲಿ ಹೋಗುವುದು ಒಳ್ಳೆಯದು. ಬೇಸಗೆಯ ಬಿಸಿಲು ಆ ನಾಡಿನಲ್ಲಿ ದುಸ್ಸಹವು. ಬೆಳಗಿನ ಓರೆಬೆಳಕಿನಲ್ಲಿ ಹಳೆಯ ಗಾರೆಯ ಹೊಳಪೂ ಹೊಸಬಣ್ಣದ ಮಂಕೂ ಬೇರೆಬೇರೆಯಾಗಿ ತೋರುವುವು. ಕಣ್ಣು ಎತ್ತರದಲ್ಲಿರಲಿ, ಏಕೆಂದರೆ ಚಾಚುಸೂರಿನ ನೆರಳಿನಲ್ಲಿ ಅಡಗಿದ ಚಿತ್ರಗಳೇ ಬಿಸಿಲು ತಾಕದೆ ಚೆನ್ನಾಗಿ ಉಳಿದಿವೆ. ಬೀಗವಿರುವ ಬಾಗಿಲಿನ ಮುಂದೆಯೂ ನಿಲ್ಲಬಹುದು, ಹೊರಗೋಡೆಗೆ ಬೀಗವಿಲ್ಲ.